ಶವರ್ ಕ್ಯಾಪ್ ತೆಗೆದ ಭಾನುವಾರ

ಎಲ್ಲ ತೊಂದರೆಗೂ ಮೂಲ ಒಂದು ರೊಟ್ಟಿ. ಅಮೆರಿಕದ ಆಶ್‌ಬರ್ನಿನ ಟೌನ್‌ಹೌಸಿಗೆ ಬಂದ ಹೊಸದರಲ್ಲಿ, ಇಳಕಲ್ಲಿನ ವಿಜಯಶ್ರೀ ಊರು ನೆನಪಾಗಿ ತನ್ನ ಪಾಡಿಗೆ ಒಂದು ಜೋಳದ ರೊಟ್ಟಿ ಬಡಿದುಕೊಂಡಳು. ರೂಮ್‌ಮೇಟುಗಳಾದ ಮೈಸೂರಿನ ಮೈಥಿಲಿ, ಬೆಂಗಳೂರಿನ ಅಮೂಲ್ಯಾ ಆಚೆಯಿಂದೊಂದು ಈಚೆಯಿಂದೊಂದು ತುಂಡು ಮುರಿದರು. ತಟ್ಟೆಯಲ್ಲಿ ಅವಳಿಗೆ ಉಳಿದದ್ದು ಚಟ್ನಿಪುಡಿ.

"ಇನ್ಮೇಲೆ ಪ್ರತಿ ಸಂಡೇ ಮೂರೂ ಜನ ಸೇರಿ ಅಡುಗೆ ಮಾಡೋಣ ಕಣೇ. ಎಷ್ಟು ಬಾಂಡಿಂಗ್ ಆಗತ್ತೆ!" ಎಂದಳು ಅಮೂಲ್ಯಾ.

ಸೇರಿ ಮಾಡುವುದೆಂದರೆ ಹೀಗೆ. ಅಮೂಲ್ಯಾ ಕುರ್ಚಿ ಹತ್ತಿ, ಸೀಲಿಂಗಿನ ಸ್ಮೋಕ್ ಅಲಾರ್ಮಿಗೆ ಯಾವುದೋ ಹೋಟೆಲಿನ ಬಚ್ಚಲಿನಿಂದ ತಂದ ಪ್ಲಾಸ್ಟಿಕ್ ಶವರ್ ಕ್ಯಾಪ್ ತೊಡಿಸುತ್ತಾಳೆ. ಒಗ್ಗರಣೆಯ ಹೊಗೆಗೆ ಅದು ಕಿರುಚಬಾರದಲ್ಲ. ಕುರ್ಚಿಯಿಂದ ಇಳಿದರೆ ಅವಳ ಅಡುಗೆ ಮುಗಿಯಿತು, ಮುಂದಿನದು ಫೋಟೋ. ಮೈಥಿಲಿ ಕರಿಬೇವು ಬಿಡಿಸುತ್ತ ತನ್ನ ಮ್ಯಾನೇಜರನ ಕತೆ ಹೇಳುತ್ತಾಳೆ. ಮ್ಯಾನೇಜರನನ್ನು ಎಲೆ ಎಲೆಯಾಗಿ ಬಿಡಿಸಿ ಹಾಕಿದರೂ ಕರಿಬೇವು ಕಡ್ಡಿಯಲ್ಲೇ ಇರುತ್ತದೆ. ಮಿಕ್ಕದ್ದೆಲ್ಲ ವಿಜಯಶ್ರೀಯದು.

ವಾರವಿಡೀ ಆಫೀಸು, ಅದರ ಮೇಲೆ ಇಂಡಿಯಾ ಟೀಮಿನ ಕಾಲ್‌ಗಳು. ಅವಳಿಗೆ ಬೇಕಾದದ್ದು ಒಂದೇ ಒಂದು ಭಾನುವಾರದ ನಿದ್ದೆ. ಆದರೆ 'ಒಲ್ಲೆ' ಎನ್ನುವ ಮಾತು ಅವಳ ಗಂಟಲಿನವರೆಗೆ ಬಂದು, ಅಲ್ಲೇ ಕೂತು, ವಾಪಸು ಹೋಗುತ್ತಿತ್ತು. ಕೊನೆಗೆ ಅವಳು ಬೇರೆ ದಾರಿ ಹಿಡಿದಳು. ಅವರಾಗಿಯೇ 'ನೀನು ಅಡುಗೆ ಮಾಡಬೇಡ ತಾಯಿ' ಎಂದು ಕೈಮುಗಿಯಬೇಕು, ಹಾಗೆ ಕೆಡಿಸಬೇಕು.

ಆ ಭಾನುವಾರ ಅಮೂಲ್ಯಾ ಕ್ಯಾಪ್ ತೊಡಿಸಿ ಫೋನ್ ತರಲು ಮಹಡಿಗೆ ಹೋದಳು. ಮೈಥಿಲಿ ಫ್ರಿಜ್ಜಿನೊಳಗೆ ತಲೆ ತೂರಿಸಿ ಕರಿಬೇವು ಹುಡುಕುತ್ತಿದ್ದಳು. ವಿಜಯಶ್ರೀ ಕುರ್ಚಿ ಹತ್ತಿ ಕ್ಯಾಪ್ ಕಿತ್ತು ಜೇಬಿಗೆ ತುರುಕಿದಳು. ಒಂದು ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಹಾಕಿ, ಕೈಕಟ್ಟಿ ನಿಂತಳು.

ಸುಮ್ಮನೆ ನಿಲ್ಲುವುದು ಅಷ್ಟು ಸುಲಭವಲ್ಲ. ಹಂಚು ಕಂಡರೆ ಕೈ ತನ್ನಷ್ಟಕ್ಕೆ ಓಡುತ್ತದೆ. ನೋಡನೋಡುತ್ತ ಅದು ಇನ್ನೊಂದು ರೊಟ್ಟಿ ಬಡಿದುಬಿಟ್ಟಿತ್ತು. ತೆಳ್ಳಗೆ, ದುಂಡಗೆ, ಹುಣ್ಣಿಮೆಯ ಹಾಗೆ. ಗಾಬರಿಯಾಗಿ ಅದರ ಮೇಲೆ ತಟ್ಟೆ ಮುಚ್ಚಿದಳು.

ಹಂಚಿನ ಮೇಲಿನದು ಕಪ್ಪಾಯಿತು. ಅಲಾರ್ಮು ಚುಚ್ಚುಮದ್ದು ಹಾಕಿಸಿಕೊಂಡ ಕೂಸಿನಂತೆ ಕಿರುಚತೊಡಗಿತು.

"ಅಯ್ಯೋ! ಕ್ಯಾಪ್ ಹಾಕಿದ್ನಲ್ಲೇ!" ಅಮೂಲ್ಯಾ ಮೆಟ್ಟಿಲಿಳಿದು ಓಡಿಬಂದಳು.

"ಸರಿಯಾಗಿ ಹಾಕಿಲ್ಲ ನೀನು. ಮಾಡೋದೇ ಒಂದು ಕೆಲಸ, ಅದೂ ನೆಟ್ಟಗಿಲ್ಲ!" ಮೈಥಿಲಿ ಕರಿಬೇವಿನಿಂದ ಅಲಾರ್ಮಿಗೆ ಗಾಳಿ ಹಾಕಿದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗೋಡೆಯಾಚೆ ಡಾಕ್ಟರ್ ವೀರಣ್ಣ ಅಂಕಲ್ ಇದ್ದರು. ಬೇರೆಯವರ ಮನೆಯಲ್ಲಿ ಸೀನು ಕೇಳಿದರೂ ಮಾತ್ರೆ ಹಿಡಿದು ಬರುವ ಮನುಷ್ಯ. ತುರ್ತು ಸೇವೆಯ 911ಕ್ಕೆ ಫೋನ್ ಮಾಡಿಯೇ ಬಾಗಿಲು ಬಡಿದರು. "ಏಳ್ರಿ, ಹೊರಗ ಬರ್ರಿ! ಪಾಸ್‌ಪೋರ್ಟ್ ಅಷ್ಟ ತಗೋರಿ!"

ಫೈರ್ ಎಂಜಿನ್ ಬಂತು. ಚಂದ್ರನ ಮೇಲೆ ಇಳಿಯುವವರಂತೆ ಸಜ್ಜಾದ ಗಂಡಾಳುಗಳು ಒಳಗೆ ನುಗ್ಗಿ, ಇಕ್ಕಳದಲ್ಲಿ ಒಂದು ಕರಿ ರೊಟ್ಟಿ ಹಿಡಿದು ಹೊರಬಂದರು. ಸಾಲುಮನೆಯವರೆಲ್ಲ ಹುಲ್ಲಿನ ಮೇಲೆ ನಿಂತು ಅದನ್ನೇ ನೋಡಿದರು.

ಎಂಜಿನ್ ಹೋದ ಮೇಲೆ ವೀರಣ್ಣನವರ ತಾಯಿ ಶಿವಬಸಮ್ಮ ಮುಂದೆ ಬಂದರು. ಆರು ತಿಂಗಳಿಗೆಂದು ಬಾಗಲಕೋಟೆಯಿಂದ ಬಂದಿದ್ದ ಅಜ್ಜಿ. ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಮೊಮ್ಮಗಳ ಶೂ. "ಯಾರು ಬಡದಾರ ಇದನ್ನ?"

"ನಾನ ರೀ, ಅಜ್ಜಿ." ವಿಜಯಶ್ರೀಯ ದನಿಯಲ್ಲಿ ಎಂದೂ ಇಲ್ಲದ ಹುರುಪು.

"ಯಾವೂರಾಕಿ?"

"ಇಳಕಲ್ ರೀ."

"ಇಳಕಲ್ಲಾಕಿಯಾಗಿ ಹಿಂಗ ಸುಡ್ತಿ? ಇದು ರೊಟ್ಟಿ ಅಲ್ಲವ್ವಾ, ಇದ್ದಿಲು. ನಿಮ್ಮವ್ವ ಏನು ಕಲಿಸ್ಯಾಳ ನಿನಗ?"

ಒಂದೊಂದು ಬೈಗುಳವೂ ವಿಜಯಶ್ರೀಗೆ ಹೂವಿನ ಹಾಗೆ ಬಿತ್ತು. ಮೈಥಿಲಿಯಂತೂ ಅವಳ ಹೆಗಲು ತಬ್ಬಿಕೊಂಡಳು. "ಸಾರಿ ಕಣೇ ವಿಜಿ. ನಿಂಗೆ ನಿಜವಾಗ್ಲೂ ಸುಸ್ತಾಗಿದೆ. ನಾವೇ ಅರ್ಥ ಮಾಡ್ಕೋಬೇಕಿತ್ತು. ಇನ್ಮೇಲೆ ನೀನೊಬ್ಳೇ ಅಡುಗೆ ಮಾಡೋದು ಬೇಡ."

ವಿಜಯಶ್ರೀಯ ಕಣ್ಣಿಗೆ ದಿಂಬು ಕಾಣಿಸಿತು.

"ಒಬ್ಬಾಕಿ ಯಾಕ ಮಾಡ್ತಾಳ? ನಾ ಇಲ್ಲೇನು?" ಎಂದರು ಅಜ್ಜಿ. "ಪ್ರತಿ ಐತಾರ ಮುಂಜಾನೆ ಬರ್ತೀನಿ. ಬಾಜೂ ಕುಂತು ಕಲಿಸ್ತೀನಿ."

"ವಾವ್, ಪ್ರತಿ ಸಂಡೇ! ಸೋ ಸ್ವೀಟ್!" ಅಮೂಲ್ಯಾ ಫೋನ್ ಎತ್ತಿ ಇಬ್ಬರನ್ನೂ ಫೋಟೋದೊಳಗೆ ಸೇರಿಸಿದಳು.

ದಿಂಬು ಮಾಯವಾಯಿತು. ರೊಟ್ಟಿ ಬಡಿಯಲು ಬರುತ್ತದೆ ಎಂದರೆ ಇವರಿಬ್ಬರಿಗಾಗಿ ಬಡಿಯಬೇಕು. ಬರುವುದಿಲ್ಲ ಎಂದರೆ ಅಜ್ಜಿಯ ಮುಂದೆ ಬಡಿಯಬೇಕು. ವಿಜಯಶ್ರೀ ಅಜ್ಜಿಯ ಹಿಂದೆ ಅಡುಗೆಮನೆಗೆ ನಡೆದಳು. ಕೊನೆಯ ಆಸೆಯಿಂದ, "ನನಗ ಬರೂದುಲ್ರೀ, ಎಷ್ಟು ಕಲಿಸಿದ್ರೂ ತಲಿಗೆ ಹತ್ತೂದುಲ್ಲ," ಎಂದಳು.

ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. ಕೈಚಾಚಿ ತಟ್ಟೆ ಎತ್ತಿದರು. ಕೆಳಗೆ ಹುಣ್ಣಿಮೆ ಬೆಳಗುತ್ತಿತ್ತು.

ಅಜ್ಜಿ ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸುಟ್ಟು ತಪ್ಪಿಸ್ಕೊಳ್ಳೂ ಆಟ ನನಗೂ ಗೊತ್ತೈತಿ. ಮೊನ್ನೆ ನಾನೂ ಸುಟ್ಟೆ. ನನ್ನ ಮಗ ಅದನ್ನೂ ಕಡಕ್ ರೊಟ್ಟಿ ಅಂದು ತಿಂದ. ಐತಾರ ಬಂತಂದ್ರ ಗೆಳ್ಯಾರನ್ನ ಕರೀತಾನ, 'ಅವ್ವನ ಕೈ ರೊಟ್ಟಿ' ಅಂತಾನ. ಅಮೆರಿಕಾಕ್ಕ ಬಂದ್ರೂ ನನ್ನ ಕೈಗೆ, ರಟ್ಟಿಗೆ ಬಿಡುವಿಲ್ಲ."

"ಅಂದ್ರ, ಅಜ್ಜಿ..."

"ನೀ ಬೇಕಂತನ ಸುಟ್ಟಿ ಅಂತ ನಾ ಯಾರ ಮುಂದೂ ಹೇಳೂದುಲ್ಲ," ಅಜ್ಜಿ ಕಾಲು ಚಾಚಿ, ಜೋಳದ ಹಿಟ್ಟಿನ ಡಬ್ಬಿಯನ್ನು ಅವಳ ಕಡೆ ತಳ್ಳಿದರು. "ಜಲ್ದಿ ಬಡಿ. ಎರಡೂ ಮನಿಗೆ ಆಗಬೇಕು."

ವಿಜಯಶ್ರೀ ಜೇಬಿನಿಂದ ಶವರ್ ಕ್ಯಾಪ್ ತೆಗೆದಳು. ಈ ಸಲ ಕುರ್ಚಿ ಖಾಲಿ ಇರಲಿಲ್ಲ, ಅಜ್ಜಿ ಕೂತಿದ್ದರು. ಅಡುಗೆಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು ಅಲಾರ್ಮಿಗೆ ತಾನೇ ತೊಡಿಸಿದಳು.