ತೊಡೆ ಸೋತರೆ ಎದೆಗೆ ತಪಾಸಣೆ

ನನಗೆ ಯಾರ ಮಾತೂ ಮೊದಲ ಸಲಕ್ಕೆ ನಂಬಿಕೆಯಾಗುವುದಿಲ್ಲ. ಹಾಗಾಗಿ ಬೇರೆಯವರಿಗೆ ಒಂದು ದಿನದಲ್ಲಿ ಮುಗಿಯುವ ಸಂಗತಿ ನನಗೆ ನಾಲ್ಕು ದಿನ ಹಿಡಿಯುತ್ತದೆ. ಆ ನಾಲ್ಕೂ ದಿನ ಯಾರಾದರೊಬ್ಬರು ನನ್ನ ಬೆನ್ನ ಹಿಂದೆ ನಗುತ್ತಿರುತ್ತಾರೆ.

ಬಳ್ಳಾರಿಯಲ್ಲಿ ಹನ್ನೆರಡು ಮಿಷನ್ ಹಾಕಿ ಜೀನ್ಸ್ ಪ್ಯಾಂಟು ಹೊಲಿಸುತ್ತೇನೆ. ಕುರುಗೋಡು ಕಡೆಯ ಬಾದನಹಟ್ಟಿಯಿಂದ ಬಂದು ಪ್ಯಾಂಟಿನ ದಾರ ಕತ್ತರಿಸುವ ಕೂಲಿಯಿಂದ ಶುರು ಮಾಡಿದವಳು ನಾನು. ಓದು ಕಲಿತದ್ದೂ ಅಲ್ಲೇ, ನಮೂನೆ ಕತ್ತರಿಸಲು ತಂದ ಹಳೇ ಪೇಪರುಗಳಲ್ಲಿ. ಯಾರೂ ಕಲಿಸಲಿಲ್ಲ. ಕಲಿಸಿದ್ದರೆ, ಸರಿಯಾಗಿ ಕಲಿಸಿದರೋ ಇಲ್ಲವೋ ಎಂಬ ಅನುಮಾನ ಉಳಿಯುತ್ತಿತ್ತು. ಹೋದ ವರ್ಷ ನನಗೊಂದು ಕಾಯಿಲೆ ಬಂತು. ಅದನ್ನೂ ಮೊದಲು ನಂಬಲಿಲ್ಲ.

ಮೇಲೇರಿದ ಹಲಗೆ

ದಾರದ ಕೋನ್ ಇಡುವ ಹಲಗೆಗೆ ಒಂದು ಬೆಳಗ್ಗೆ ನನ್ನ ಕೈ ಎಟುಕಲಿಲ್ಲ. ಭುಜದ ಮಟ್ಟಕ್ಕೆ ಬಂದ ಕೈ ಅಲ್ಲಿಂದ ಮೇಲೆ ಏಳಲೇ ಇಲ್ಲ. ಬಟ್ಟೆ ಕತ್ತರಿಸುವ ನಮ್ಮ ಮಾಸ್ತರನನ್ನು ಕರೆದೆ.

"ಹಲಗಿ ಯಾವಾಗ ಮ್ಯಾಲ ಏರಿಸಿದಿ?"

"ನಾ ಮುಟ್ಟಿಲ್ಲಕ್ಕ."

"ಸುಳ್ಳ ಹೇಳಬ್ಯಾಡ. ಮೊನ್ನಿ ಎಟಕ್ತಿತ್ತು."

ಅವನ ಕೊರಳಲ್ಲಿದ್ದ ಟೇಪಿನಿಂದಲೇ ಅಳೆಸಿದೆ. ಹಳೇ ಮೊಳೆ, ಹಳೇ ತೂತು, ಹಲಗೆಯ ಕೆಳಗಿನ ಜೇಡರ ಬಲೆ ಕೂಡ ಹಳೆಯದೇ. ಅವನು ಟೇಪು ಸುತ್ತುತ್ತಾ ಕೇಳಿದ: "ಹಲಗಿ ಇದ್ದಷ್ಟ ಐತಿ. ಈಗ ನಿಮ್ಮನ್ನ ಅಳಿಯೋಣೇನಕ್ಕ?"

ಮಜ್ಜಿಗೆ ಬಾಟಲಿ

ಆಮೇಲೆ ಸಿರುಗುಪ್ಪದ ತಂಗಿಯ ಮನೆಗೆ ಹೋದಾಗ, ಊಟಕ್ಕೆ ನೆಲದ ಮೇಲೆ ಕುಳಿತವಳು ಏಳಲಾಗದೆ ಗಂಗಾಳದ ಮುಂದೆಯೇ ಉಳಿದೆ. ತಂಗಿ ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ರಕ್ತದ ರಿಪೋರ್ಟಿನಲ್ಲಿ ಲಿವರಿನ ಅಂಶಗಳು ಏರಿದ್ದವು. ಡಾಕ್ಟರು ಅವಳನ್ನು ಹೊರಗೆ ಕಳಿಸಿ ದನಿ ತಗ್ಗಿಸಿದರು.

"ಎಷ್ಟ ವರ್ಷದಿಂದ ಸಾರಾಯಿ ತಗೊಂತೀರಮ್ಮ? ನಾ ಯಾರಿಗೂ ಹೇಳಂಗಿಲ್ಲ."

"ವಾಸನಿ ಸೈತ ನೋಡಿಲ್ರಿ."

"ಎಲ್ಲಾರೂ ಹಿಂಗ ಅಂತಾರ."

ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಅಂಶಗಳು ಸ್ನಾಯು ಹಾಳಾದಾಗಲೂ ಏರುತ್ತವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಊರಿಗೆಲ್ಲ ಅನುಮಾನ ಹಂಚುತ್ತಿದ್ದ ನನಗೆ, ನನ್ನ ಮೇಲೆಯೇ ಅನುಮಾನ ಬಂದರೆ ಎಷ್ಟು ಉರಿಯುತ್ತದೆಂದು ಅಂದು ಗೊತ್ತಾಯಿತು.

ತಂಗಿ ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ನನ್ನ ಮಜ್ಜಿಗೆ ಬಾಟಲಿ ಮೂಸಿದಳು. ಮುಚ್ಚಳಕ್ಕೆ ಸುರಿದು ಕುಡಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು.

"ಏನಾತಲೇ?" ಎಂದೆ.

"ಏನೂ ಆಗವಲ್ದು ತಾಳಕ್ಕ. ಇನ್ನೊಂದ್ ಮುಚ್ಚಳ ನೋಡ್ತೀನಿ."

ಇನ್ನೊಬ್ಬ ತಜ್ಞ

ಸರಿಯಾದ ಹೆಸರು ಹಿಡಿದವರು ಬಳ್ಳಾರಿ ಕಂಟೋನ್ಮೆಂಟಿನ ಡಾಕ್ಟರು. ಸ್ನಾಯುಗಳ ಉರಿಯೂತ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ನಮ್ಮದೇ ಸ್ನಾಯುಗಳನ್ನು ಕಳ್ಳರೆಂದು ತಿಳಿದು ಹೊಡೆಯುತ್ತದಂತೆ. ಇದನ್ನು ಮಾತ್ರ ನಾನು ತಕ್ಷಣ ನಂಬಿದೆ. ನನ್ನ ಮೈ ನನ್ನ ಹಾಗಲ್ಲದೆ ಇನ್ನಾರ ಹಾಗೆ ಇದ್ದೀತು?

ಆದರೆ ಅವರು ಮುಂದುವರಿಸಿದರು: "ಹೃದಯಾನೂ ನೋಡಬೇಕು, ರಕ್ತನಾಳಾನೂ ನೋಡಬೇಕು."

"ತ್ರಾಸು ತೊಡಿಗೆ, ತಪಾಸಣಿ ಎದಿಗೇನ್ರಿ?"

"ಹೃದಯನೂ ಸ್ನಾಯುನ ಅಮ್ಮ. ಉರಿ ಅಲ್ಲಿಗೂ ಹೋಗಬಹುದು."

ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದು, ದಾರಿಯಲ್ಲಿ ಮಟನ್ ಅಂಗಡಿಯ ಮುಂದೆ ಆಟೋ ನಿಲ್ಲಿಸಿದೆ. ಅಂಗಡಿಯ ಸಾಬರು ಕತ್ತಿ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ದಿಲ್ ಅಂದ್ರ ಪೂರಾ ಮಾಂಸನ ಅಕ್ಕ. ಭಾಳ ಗಟ್ಟಿ. ಒಂದಿನಾನೂ ಸೂಟಿ ತಗೊಳ್ದ ಮಾಂಸ ಅದೊಂದ."

ಮರುದಿನ ಡಾಕ್ಟರಿಗೆ, "ನೀವು ಹೇಳಿದ್ದು ಖರೆ ಐತ್ರಿ, ಮಟನ್ ಅಂಗಡ್ಯಾಗ ವಿಚಾರಿಸಿದೆ" ಎಂದೆ. ಅವರು ನಗದೆ ಬರೆದುಕೊಳ್ಳುತ್ತಾ ಹೇಳಿದರು: "ಚಲೋ ಆತು. ನನಗೂ ಧೈರ್ಯ ಬಂತು."

ಹಾಳೆಯಲ್ಲಿ ಬರೆದದ್ದು

ಗುಳಿಗೆಗಳಿಂದ ಕೈಕಾಲಿಗೆ ಸ್ವಲ್ಪ ಬಲ ಬಂತು. ಆದರೆ ಎದೆ ಒಮ್ಮೊಮ್ಮೆ ಡವಗುಟ್ಟುತ್ತಿತ್ತು. ಮಲಗಿಸಿ ತೆಗೆದ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಎದೆಗೆ ವೈರು ಅಂಟಿಸಿ ಸೊಂಟಕ್ಕೆ ಒಂದು ಸಣ್ಣ ಪೆಟ್ಟಿಗೆ ಕಟ್ಟಿದರು. ಒಂದು ದಿನ ಪೂರ್ತಿ ಅದು ನನ್ನ ಬಡಿತ ಬರೆದುಕೊಳ್ಳುತ್ತದೆ. "ದಿನಾ ಮಾಡೋ ಕೆಲಸ ಮಾಡ್ರಿ. ಯಾವಾಗ ಏನು ಮಾಡಿದ್ರಿ ಅಂತ ಈ ಹಾಳ್ಯಾಗ ಬರೀರಿ. ಇದರಾಗ ಬಡಿತ ತಪ್ಪಿದ್ದು ಕಂಡ್ರ ಮಾತ್ರ ಎರಡು ತಿಂಗಳು ಮೆಟ್ಟಿಲು ಹತ್ತಂಗಿಲ್ಲ."

ನನ್ನ ಮನೆ ಕೆಳಗೆ, ಮಿಷನ್‌ಗಳಿರುವುದು ಮೇಲೆ. ಎರಡು ತಿಂಗಳು ನಾನಿಲ್ಲದೆ ಅವು ಹೇಗೆ ಓಡುತ್ತವೆಂದು ನನಗೆ ಗೊತ್ತಿಲ್ಲವೇ? ಈ ಪರೀಕ್ಷೆ ಪಾಸಾಗಲೇಬೇಕೆಂದು ಹಟ ತೊಟ್ಟೆ. ಬೆಳಗಿನಿಂದ ಕುರ್ಚಿ ಬಿಟ್ಟು ಏಳಲಿಲ್ಲ. ಗಂಟೆಗೊಮ್ಮೆ ಹಾಳೆಯಲ್ಲಿ "ಕೂತಿದ್ದೆ" ಎಂದು ಬರೆದೆ.

ಮಧ್ಯಾಹ್ನ ಮೂರಕ್ಕೆ ತಲೆಯ ಮೇಲಿನ ಸದ್ದು ನಿಂತಿತು. ಹನ್ನೆರಡೂ ಮಿಷನ್ ಒಟ್ಟಿಗೆ. ಕರೆಂಟು ನೋಡಿದೆ, ಫ್ಯಾನು ತಿರುಗುತ್ತಿತ್ತು. ಅಂದರೆ ಮಲಗಿದ್ದಾರೆ. ಗೋಡೆ ಹಿಡಿದು, ಚಪ್ಪಲಿ ಬಿಟ್ಟು, ಸದ್ದಾಗದಂತೆ ಹತ್ತಿದೆ. ಎದೆ ಡವಡವ ಅನ್ನುತ್ತಿತ್ತು, ಬಿಡಲಿಲ್ಲ. ಬಾಗಿಲು ದೂಡಿ ಬಾಯಿಗೆ ಬಂದಂತೆ ಬೈದೆ. ಹನ್ನೆರಡು ಜನರೂ ತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಾಸ್ತರ ಪಿಸುಗುಟ್ಟಿದ: "ಮಿಷನ್ ಸಪ್ಪಳ ನಿಮ್ಮ ಪೆಟಗ್ಯಾಗ ಕೂಡತೈತೆಂತ ಈಗ ಹೊಳೀತು, ಬಂದ್ ಮಾಡೀವಕ್ಕ. ಡಾಕ್ಟ್ರು ನಿಮ್ಮ ಎದೀನ ಹಂಗ ಬಡೀತೈತಿ ಅಂದ್ಕೊಂಡಾರು."

ಕೆಳಗಿಳಿದು ಬಂದು, ಹಾಳೆಯಲ್ಲಿ ಮೂರರ ಮುಂದೆ "ಮಲಗಿದ್ದೆ" ಎಂದು ಬರೆದೆ.

ಮರುದಿನ ಮಾಸ್ತರನೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಪೆಟ್ಟಿಗೆಯ ಗೆರೆಗಳನ್ನೂ ನನ್ನ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇಡೀ ದಿನದಾಗ ಕೆಲಸಕ್ಕ ಬಂದಿದ್ದು ಮೂರು ಗಂಟೆ ಮುಂದಿನ ಈ ಅರ್ಧ ತಾಸ ಅಮ್ಮ. ಇಲ್ಲೆ ಬಡಿತ ಜಿಗಿದು ಜಿಗಿದು ತಪ್ಪೈತಿ. ಇದಿಲ್ಲಂದ್ರ ನಿಮಗ ಏನೂ ಇಲ್ಲ ಅಂತ ಮನಿಗೆ ಕಳಸ್ತಿದ್ದೆ. ಈಗ ಬ್ಯಾರೆ ಗುಳಿಗಿ ಶುರು ಮಾಡ್ತೀನಿ. ಎರಡು ತಿಂಗಳು ಮೆಟ್ಟಿಲು ಬಂದ್." ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಆದ್ರ ಮಲಗಿದ್ದೆ ಅಂತ ಬರ್ದೀರಿ. ಅಂಥಾದ್ದೇನು ಕನಸು ಬಿತ್ತು?"

ನಾನು ಸೋಲುವವಳಲ್ಲ. "ಮಿಷನ್ ಎಲ್ಲಾ ಒಮ್ಮೆಲೆ ನಿಂತಂಗ ಬಿತ್ರಿ" ಎಂದೆ.

ಡಾಕ್ಟರು ಮಾಸ್ತರನ ಕಡೆ ತಿರುಗಿದರು. ಅವನು ಕೈಕಟ್ಟಿ ನಿಂತು ವಿನಯದಿಂದ ಹೇಳಿದ:

"ಹೌದ್ರಿ ಸಾಹೇಬ್ರ. ಆ ಕನಸಿನ್ಯಾಗ ನಾವೂ ಇದ್ವಿ. ಭಾಳ ಬೈಸಿಕೊಂಡ್ವಿ."