ಮುನ್ನೂರ ಹನ್ನೊಂದು ಹೆಜ್ಜೆ

ಹೆಮ್ಮಾಡಿಯ ನಮ್ಮ ಗದ್ದೆಬಯಲನ್ನು ಸರ್ವೆಯವರು ಎರಡು ಸಲ ಸರಪಳಿ ಹಿಡಿದು ಅಳೆದಿದ್ದಾರೆ. ಎರಡೂ ಸಲ ತಪ್ಪು! ಸರಿಯಾದ ಅಳತೆ ಗೊತ್ತಿದ್ದದ್ದು ಈ ಜಗತ್ತಿನಲ್ಲಿ ಒಬ್ಬರಿಗೇ. ಅವರು ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪಯ್ಯ. ಅಂಗಳದ ತುಳಸಿಕಟ್ಟೆಯಿಂದ ಗದ್ದೆಯಾಚೆಗಿನ ಹಾಯ್ಗುಳಿ ದೈವದ ಗುಡಿಯ ಮೆಟ್ಟಿಲಿಗೆ ಮುನ್ನೂರ ಹನ್ನೊಂದು ಹೆಜ್ಜೆ. ಜಗಲಿಯಿಂದ ಬಚ್ಚಲಿಗೆ ಇಪ್ಪತ್ತಾರು. ಊಟದ ಮಣೆಯಿಂದ ಕೈ ತೊಳೆಯುವ ಕಲ್ಲಿಗೆ ಹದಿನಾಲ್ಕು. ಹಬ್ಬದ ದಿನ ಹೊಟ್ಟೆ ಭಾರವಾಗಿದ್ದರೆ ಹದಿನೈದು. ಇದನ್ನೆಲ್ಲ ನಾನು ಯಾಕೆ ಬಾಯಿಪಾಠ ಮಾಡಿಕೊಂಡೆ ಅನ್ನುತ್ತೀರಾ? ಆ ಮನೆಗೆ ಸೊಸೆಯಾಗಿ ಬಂದಿದ್ದರೆ ನೀವೂ ಮಾಡಿಕೊಳ್ಳುತ್ತಿದ್ದಿರಿ!

ನಾನು ಬ್ರಹ್ಮಾವರದಿಂದ ಮದುವೆಯಾಗಿ ಬಂದದ್ದು ಅರವತ್ತೆರಡರಲ್ಲಿ. ಅತ್ತೆ ಇಲ್ಲದ ಮನೆ ಎಂದು ನನ್ನ ಗೆಳತಿಯರೆಲ್ಲ ಹೊಟ್ಟೆಕಿಚ್ಚುಪಟ್ಟಿದ್ದರು. ಹತ್ತು ಅತ್ತೆಯರ ಕೆಲಸವನ್ನು ಮಾವ ಒಬ್ಬರೇ ಮಾಡುತ್ತಾರೆಂದು ಪಾಪ ಅವರಿಗೇನು ಗೊತ್ತು? ಬಂದ ಮೂರನೇ ದಿನ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುರುಪಿನಲ್ಲಿ, ಬಚ್ಚಲಿನ ತಾಮ್ರದ ಚೆಂಬನ್ನು ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿ ಕಲ್ಲಿನ ಎಡಬದಿಗೆ ಇಟ್ಟೆ. ಅದು ಇರಬೇಕಾದ್ದು ಬಲಬದಿಗೆ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಗರ್ಜನೆ ಕೇಳಿಸಿತು.

"ಹ್ವಾಯ್! ಚೆಂಬ್ ಎಲ್ಲಿ ಹೋಯ್ತ್?"

ನಾನು ಓಡಿಹೋಗಿ ಬಾಗಿಲ ಹೊರಗೆ ನಿಂತು, "ಇಲ್ಲೇ ಇತ್ತಲೆ ಮಾವ" ಎಂದೆ.

"ಇಲ್ಲೇ ಅಂದ್ರೆ ಎಲ್ಲಿ? 'ಇಲ್ಲೇ' ಅಂಬುದ್ ಒಂದ್ ಜಾಗವಾ?"

ಒಂದು ಮೊಳ ಆಚೆಗಿದ್ದ ಚೆಂಬಿಗೆ ಇಷ್ಟು ರಂಪ! ಹಿತ್ತಿಲಿಗೆ ಹೋಗಿ ಅಳುತ್ತ ನಿಂತೆ. ನಮ್ಮ ಮನೆಯವರು ಹಿಂದೆಯೇ ಬಂದರು. ಮದುವೆಗೆಂದು ಬೊಂಬಾಯಿಯ ಹೋಟೆಲಿನಿಂದ ಒಂದು ತಿಂಗಳ ರಜೆ ಹಾಕಿ ಬಂದಿದ್ದರು. "ಅಪ್ಪಯ್ಯನ್ ಕಣ್ಣ್ ಹೋತಾ ಇತ್ತ್, ಮಾರಾಯ್ತಿ" ಎಂದು ಮೆಲ್ಲಗೆ ಹೇಳಿದರು. ಕಣ್ಣಿನ ನರ ಒಣಗುತ್ತಿದೆ, ಔಷಧವಿಲ್ಲ, ಹೆಚ್ಚೆಂದರೆ ಒಂದೂವರೆ ವರ್ಷ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆ ಮಾವ, "ಒಂದೂವರೆ ವರ್ಷವಾ? ಧಾರಾಳ ಆಯ್ತ್. ಅಷ್ಟರೊಳಗೆ ಕಲ್ತ್ಕಂತೆ" ಎಂದು ಹೇಳಿ ಕೊಡೆ ಹಿಡಿದುಕೊಂಡು ಹೊರಟುಬಿಟ್ಟಿದ್ದರಂತೆ!

ಹೊರಟವರು ಮನೆಗೆ ಬರಲಿಲ್ಲ. ನೇರ ಗುಡಿಗೆ ಹೋಗಿ ದೈವದ ಜೊತೆ ಜಗಳಕ್ಕೆ ನಿಂತರು. ಸಂಜೆಯ ದೀಪ ಇಡುವುದು ನಮ್ಮ ಮನೆಯ ಹಿರಿಯರ ಕೆಲಸ. ಮಾವ ಇಪ್ಪತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಪಕ್ಕದ ಗದ್ದೆಯಲ್ಲಿದ್ದವರು ಕಿವಿಯಾರೆ ಕೇಳಿದ ಮಾತು ಇದು: "ಕಣ್ಣ್ ಬೇಕಾ? ತಕೋ. ದೀಪ ಮಾತ್ರ ನಾನೇ ಇಡೂದ್, ನಾನೇ ನಡ್ಕಂಡ್ ಬಪ್ಪುದ್. ಯಾರಾರೂ ನನ್ನ್ ಕೈ ಹಿಡ್ಕಂಡ್ ಕರ್ಕಂಡ್ ಬಪ್ಪಂಗ್ ಮಾಡ್ದ್ಯಾ, ಮತ್ ಕಾಣ್!"

ಇಂದು ಗುಡಿಗೆ ಕೈ ಹಿಡಿದು ಕರೆದೊಯ್ದರೆ ನಾಳೆ ಬಚ್ಚಲಿಗೆ ಕರೆದೊಯ್ಯುತ್ತಾರೆ, ನಾಡಿದ್ದು ತುತ್ತು ಮಾಡಿ ಬಾಯಿಗೆ ಇಡುತ್ತಾರೆ, ಆಮೇಲೆ ಬದುಕಿ ಏನು ಮಾಡುವುದು ಎಂಬುದು ಅವರ ಲೆಕ್ಕಾಚಾರ. ಹಾಗಾಗಿ ಆ ಮುನ್ನೂರ ಹನ್ನೊಂದು ಹೆಜ್ಜೆಯೇ ಅವರ ಪ್ರಾಣವಾಯಿತು.

ಮರುದಿನದಿಂದ ಅಭ್ಯಾಸ ಶುರು. ಇನ್ನೂ ಅಷ್ಟಿಷ್ಟು ಕಾಣುತ್ತಿದ್ದ ಕಣ್ಣಿಗೆ ಹೆಗಲ ಮೇಲಿನ ಬೈರಾಸು ಕಟ್ಟಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಎಣ್ಣೆಯ ಗಿಂಡಿ ಹಿಡಿದು, ಗದ್ದೆಯ ಅಂಚಿನ ಮೇಲೆ ಹೆಜ್ಜೆ ಎಣಿಸುತ್ತ ಹೋಗುವುದು. ಮಧ್ಯೆ ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ತಪ್ಪಿದರೆ ತುಳಸಿಕಟ್ಟೆಗೆ ವಾಪಸು ಬಂದು ಒಂದರಿಂದ ಮತ್ತೆ ಶುರು! ಹಾಲಾಡಿಯ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದವರು ಇದೊಂದೂ ತಿಳಿಯದೆ, ಮಾವ ಇನ್ನೂರ ನಲವತ್ತನೇ ಹೆಜ್ಜೆಯಲ್ಲಿದ್ದಾಗ, "ಹ್ವಾಯ್, ಹುಷಾರಿದ್ರ್ಯಾ?" ಎಂದು ಕೂಗಿದರು. ಮಾವ ತುಟಿ ಬಿಚ್ಚಲಿಲ್ಲ. ಗಿರಕ್ಕನೆ ತಿರುಗಿ ಮನೆಯ ಕಡೆಗೆ ನಡೆದುಬಿಟ್ಟರು. ನೆಂಟರು ಮುಖ ಊದಿಸಿಕೊಂಡು ಕರೆಯದೆಯೇ ಹೋದರು. ನಿಜ ಸಂಗತಿ ತಿಳಿದ ಮೇಲೆ ಇನ್ನೊಂದು ದಿನ ಬಂದರು ನೋಡಿ, ದೂರದಲ್ಲಿ ಮಾವ ಕಾಣಿಸಿದ್ದೇ ತಡ, ಸುರಿಯುವ ಮಳೆಯಲ್ಲಿ ಗೊಂಬೆಯ ಹಾಗೆ ನಿಂತುಬಿಟ್ಟರು. ಮಾವ ಅವರ ಮೈಗೆ ತಾಗಿಕೊಂಡೇ ದಾಟಿ ಹೋದರೂ ಉಸಿರೆತ್ತಲಿಲ್ಲ. ಆಮೇಲೆ ಜಗಲಿಯಲ್ಲಿ ಕುಳಿತು ಕಾಲಿಗೆ ಕಚ್ಚಿದ್ದ ಇಂಬಳ ಕೀಳುತ್ತ, "ನಿಮ್ಮನಿಗೆ ಬಪ್ಪುದಂದ್ರೆ ಒಂದ್ ವ್ರತ ಮಾರಾಯ್ರೆ" ಎಂದು ಕಾಫಿ ಕುಡಿದರು.

ಇದಕ್ಕಿಂತ ದೊಡ್ಡ ಫಜೀತಿ ಮಾಡಿದವನು ನಮ್ಮ ಗದ್ದೆಯ ಕೆಲಸದ ಮಂಜ. ಮಳೆ ಹಿಡಿಯುವ ಹೊತ್ತಿಗೆ ಗದ್ದೆಯ ಅಂಚನ್ನೆಲ್ಲ ಕಡಿದು ಹೊಸ ಮಣ್ಣು ಮೆತ್ತಬೇಕಲ್ಲ? ನಮ್ಮ ಅಂಚು ನಡುವಿನಲ್ಲಿ ಒಂದು ಕಡೆ ಡೊಂಕು. ಒಡೆಯರಿಗೆ ಪಾಪ, ಕಣ್ಣು ಮಂಜಾಗಿದೆ, ನಡೆಯಲು ಸುಲಭವಾಗಲಿ ಎಂದು ಮಂಜ ಎರಡು ದಿನ ಬೆನ್ನು ಬಗ್ಗಿಸಿ ಆ ಡೊಂಕನ್ನು ತೆಗೆದು ನೆಟ್ಟಗೆ ಮಾಡಿದ. ಯಾರಿಗೂ ಹೇಳಲಿಲ್ಲ. ಖುಷಿಪಡಲಿ ಎಂದುಕೊಂಡಿದ್ದ! ಅಂದು ಸಂಜೆ ಮಾವ ಎಂದಿನಂತೆ ನೂರ ಅರವತ್ತಕ್ಕೆ ಎಡಕ್ಕೆ ತಿರುಗಿದರು. ತಿರುಗಿದಲ್ಲಿ ಅಂಚೇ ಇಲ್ಲ. ಗಿಂಡಿ ಒಂದು ಕಡೆ, ಕೋಲು ಒಂದು ಕಡೆ, ಮಾವ ಸೊಂಟದವರೆಗೆ ಕೆಸರಿನಲ್ಲಿ! ನಾನೂ ಮಂಜನೂ ಓಡಿದೆವು.

"ಮುಟ್ಬೇಡಿ ನನ್ನ! ನಾನೇ ಏಳ್ತೆ. ಅಂಚ್ ಕದ್ದದ್ದ್ ಯಾರ್?"

ಮಂಜ ಅತ್ತೇಬಿಟ್ಟ. "ಒಡೇರೆ, ನಾನೇ. ನಿಮ್ಗೆ ಸಸಾರ ಆಯ್ಲಿ ಅಂದೇಳಿ..."

ಮಾವ ಮುಖದ ಕೆಸರು ಒರೆಸಿಕೊಂಡರು. ಆಮೇಲೆ, "ಡೊಂಕ್ ಎಲ್ಲಿತ್ತೋ ಅಲ್ಲೇ ಹಾಕ್, ಮಗಾ. ನಂಗೆ ನೆಟ್ಟಗಿಪ್ಪು ದಾರಿ ಬ್ಯಾಡ, ಗೊತ್ತಿಪ್ಪು ದಾರಿ ಸಾಕ್" ಎಂದರು. ಮರುದಿನ ಮಂಜ ಒಳ್ಳೆಯ ಅಂಚನ್ನು ಕಡಿದು, ಹಳೆಯ ಡೊಂಕನ್ನು ಮೊದಲಿದ್ದ ಹಾಗೆಯೇ ಕಟ್ಟಿದ. ಕುಂದಾಪುರ ತಾಲೂಕಿನಲ್ಲಿ ಡೊಂಕು ಮಾಡಿದ್ದಕ್ಕೆ ಹೊಗಳಿಸಿಕೊಂಡ ಆಳು ಅವನೊಬ್ಬನೇ ಇರಬೇಕು.

ಅವರ ಕಣ್ಣು ಪೂರ್ತಿ ಹೋದದ್ದು ಯಾವಾಗ? ನಮಗೆ ಗೊತ್ತಿಲ್ಲ. ಅವರು ಹೇಳಲೇ ಇಲ್ಲ! ಹೋಗುವುದೂ ಬರುವುದೂ ಮೊದಲಿನ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಮಜ್ಜಿಗೆ ಬಡಿಸಲು ಬಗ್ಗಿದಾಗ ಅವರ ಬಲ ಅಂಗೈಯಲ್ಲಿ ಸುಟ್ಟ ಬೊಕ್ಕೆಗಳು ಕಾಣಿಸಿದವು. ಹಳೆಯವು ಕೆಲವು, ಹೊಸದೊಂದು.

"ಇದೆಂತ ಮಾವ?"

"ದೀಪ ಹತ್ತಿತಾ ಇಲ್ಯಾ ಅಂದೇಳಿ ಗೊತ್ತಾಯ್ಕಲ್ದಾ?"

ಅಷ್ಟು ಹೇಳಿ, ಉಪ್ಪು ಕಡಿಮೆಯಾಗಿದೆ ಎಂದು ನನ್ನನ್ನು ಗದರಿದರು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತಾನು ನೋಡಲಾರದ ದೀಪವನ್ನು ಆ ಮನುಷ್ಯ ದಿನಾ ಅಂಗೈಯಿಂದ ನೋಡಿ ಬರುತ್ತಿದ್ದರು.

ನಮ್ಮ ಮನೆಯವರು ಬೊಂಬಾಯಿಗೆ ವಾಪಸು ಹೋದವರು ವರ್ಷಕ್ಕೊಮ್ಮೆ, ಬೇಸಗೆಯಲ್ಲಿ ಬರುತ್ತಿದ್ದರು. ನನ್ನನ್ನೂ ಅಪ್ಪಯ್ಯನನ್ನೂ ಕರೆದೊಯ್ಯಬೇಕೆಂಬ ಆಸೆ ಅವರಿಗೆ. ಆದರೆ ಮಾವ, "ಅಲ್ಲಿ ಹೆಜ್ಜಿ ಹಾಕೂಕ್ ಜಾಗ ಇತ್ತಾ?" ಎಂದು ಕೇಳುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ನಾನೂ ಉಳಿದೆ. ಮಾವನ ಬೈಗುಳ ಕೇಳಲು ಮನೆಯಲ್ಲಿ ಒಬ್ಬರಾದರೂ ಬೇಡವೇ?

ಅರವತ್ತೊಂಬತ್ತರ ಆಷಾಢದಲ್ಲಿ ಬೊಂಬಾಯಿಯಿಂದ ತಂತಿ ಬಂತು. ತಂದವನೇ ಅಂಗಳದಲ್ಲಿ ನಿಂತು ಓದಿ ಹೇಳಿದ. ನಾಲ್ಕು ದಿನದ ಜ್ವರಕ್ಕೇ ನಮ್ಮ ಮನೆಯವರು ಹೋಗಿಬಿಟ್ಟರಂತೆ. ಅಲ್ಲೇ ಮಣ್ಣು ಮಾಡಿಯೂ ಆಗಿತ್ತು. ನನಗೆ ಕಡೆಯ ಸಲ ಮುಖ ನೋಡುವುದಕ್ಕೂ ಆಗಲಿಲ್ಲ. ಮಾವ ಜಗಲಿಯ ಕಂಬ ಹಿಡಿದು ನಿಂತವರು, "ಇನ್ನೊಂದ್ ಸಲ ಓದ್" ಎಂದರು. ಅವನು ಓದಿದ. "ಇನ್ನೊಂದ್ ಸಲ" ಎಂದರು. ಅವನಿಗೆ ಓದಲಾಗಲಿಲ್ಲ.

ಸೂತಕದ ಮನೆಯವರು ಗುಡಿಯ ಮೆಟ್ಟಿಲು ಹತ್ತುವಂತಿಲ್ಲ, ದೀಪ ಮುಟ್ಟುವಂತಿಲ್ಲ. ಅಷ್ಟು ದಿನ ಆಚೆಮನೆಯವರು ದೀಪ ಇಟ್ಟರು. ಹೊತ್ತು ಕಂತುವಾಗ ಮಾವ ಎದ್ದು ತುಳಸಿಕಟ್ಟೆಯವರೆಗೆ ನಡೆದು, ಗುಡಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. "ಹತ್ತಿತಾ?" ಎಂದು ಕೇಳುತ್ತಿದ್ದರು. "ಹತ್ತಿತ್ ಮಾವ" ಎಂದು ನಾನು ಹೇಳಿದ ಮೇಲೆ ಒಳಗೆ ಬರುತ್ತಿದ್ದರು. ಆ ದಿನಗಳಲ್ಲಿ ನಾವಿಬ್ಬರೂ ಆಡಿದ ಮಾತು ಅದೊಂದೇ. ಬೈಗುಳವೂ ಇಲ್ಲದ ಆ ಮನೆಯಲ್ಲಿ ಕೂರಲು ನನಗೆ ಭಯವಾಗುತ್ತಿತ್ತು. ಚೆಂಬನ್ನು ಬೇಕೆಂದೇ ಎಡಗಡೆಗೆ ಇಟ್ಟು ನೋಡಿದೆ. ಮಾವ ತಡಕಾಡಿ ಹುಡುಕಿ ತೆಗೆದುಕೊಂಡರು, ಏನೂ ಹೇಳಲಿಲ್ಲ.

ಸೂತಕ ಕಳೆಯಿತು. ಆಚೆಮನೆಯವರು ಎಣ್ಣೆಯ ಗಿಂಡಿಯನ್ನು ತಂದು ಜಗಲಿಯಲ್ಲಿಟ್ಟು ಹೋದರು. ಬ್ರಹ್ಮಾವರದಿಂದ ಬಂದಿದ್ದ ನನ್ನ ಅಣ್ಣ ನಾಳೆ ಬೆಳಿಗ್ಗೆ ಹೊರಡೋಣ ಎಂದು ನನ್ನ ಪೆಟ್ಟಿಗೆ ಕಟ್ಟಿಸಿದ್ದ. ಸಂಜೆಯಾಯಿತು. ಮಾವ ಏಳಲಿಲ್ಲ.

"ಮಾವ, ಹೊತ್ತ್ ಕಂತಿತ್. ಏಳಿ."

"ನಾ ಹೋಪುದಿಲ್ಲೆ. ನಂಗೂ ಅದ್ಕೂ ಇನ್ ಮಾತಿಲ್ಲೆ. ಕಣ್ಣ್ ಕೇಂಡ್ತ್, ಕೊಟ್ಟೆ. ಮಗನ್ನ್ ಕೊಡ್ತೆ ಅಂದೇಳಿ ನಾ ಯಾವತ್ತ್ ಹೇಳಿದ್ದೆ?"

ನನ್ನಲ್ಲಿಯೂ ಅದೇ ಪ್ರಶ್ನೆ ಇತ್ತು. ಆದರೆ ಅಂದು ಅವರು ಏಳದಿದ್ದರೆ ಇನ್ನೆಂದೂ ಏಳಲಾರರು ಎಂದು ಮಾತ್ರ ನನಗೆ ಖಂಡಿತ ಗೊತ್ತಿತ್ತು.

"ದೈವಕ್ಕೆ ಬ್ಯಾಡದಿದ್ರೆ ಬ್ಯಾಡ ಮಾವ. ನಂಗ್ ಬೇಕ್. ನೀವ್ ದೀಪ ಇಟ್ಕಂಡ್ ಬಂದ್ ಮೇಲೇ ಅಲ್ದಾ ನಾ ಒಲೆಗೆ ಬೆಂಕಿ ಹಾಕೂದ್? ಏಳ್ ವರ್ಷ ಹಂಗೇ ಮಾಡಿದ್ದೆ. ಈಗ ಬೈಗ್ ಆದದ್ದೇ ಗೊತ್ತಾತಿಲ್ಲೆ ನಂಗೆ. ನೀವ್ ಹೋಪುದಿಲ್ಲೆ ಅಂದ್ರೆ ನಾ ಎಂತಕೆ ಏಳ್ಕ್, ಎಂತಕೆ ಬೇಯ್ಸ್ಕ್, ಹೇಳಿ."

ಮಾವ ಕೈ ಚಾಚಿದರು. ಗಿಂಡಿ ಇರಬೇಕಾದಲ್ಲಿಯೇ ಇತ್ತು.

ಮಳೆ ನಿಂತು ಹೊಳವಾಗಿತ್ತು. ತುಳಸಿಕಟ್ಟೆಯಿಂದ ಹೊರಟರು. ಮೂವತ್ತೋ ನಲವತ್ತೋ ಹೆಜ್ಜೆ ಹೋಗಿ ನಿಂತರು. ನಾನು ಓಡಬೇಕೆಂದವಳು ಓಡಲಿಲ್ಲ. ಅವರು ತಿರುಗಿ ಕೋಲೂರುತ್ತ ವಾಪಸು ನನ್ನ ಮುಂದೆ ಬಂದು ನಿಂತರು. ಕಾಣದ ಕಣ್ಣುಗಳಿಂದ ಎರಡೂ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ತಪ್ತಾ ಮಾವ?"

"ಎಣ್ಸುಕೇ ಆತಿಲ್ಲೆ ಮಗಾ. ಒಂದ್ ಅಂಬುಕ್ ಹೋರೆ ಸೀನ ಅಂದೇ ಬತ್ತ್. ಎರಡ್ ಅಂಬುಕ್ ಹೋರೂ ಸೀನ ಅಂದೇ ಬತ್ತ್."

"ಹಂಗಾರೆ ಸೀನ ಅಂದೇ ಹೇಳ್ಕಂಡ್ ಹೋಯ್ನಿ ಮಾವ."

ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡೆ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದ ಕಾಲ. ಏಳು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಮಾವ ಗದರಲಿಲ್ಲ.

"ದಾರಿ ತಪ್ಪಿರೆ?" ಎಂದು ಕೇಳಿದರು.

"ನಾ ಇಲ್ಲಿಂದ ಕೂಗ್ತೆ."

ಯಾರ ಸಹಾಯವನ್ನೂ ಒಲ್ಲದ ಮನುಷ್ಯ, "ಹೂಂ, ಕೂಗ್" ಎಂದು ತಿರುಗಿದರು. ಒಂದು ಹೆಜ್ಜೆ, ಸೀನ. ಇನ್ನೊಂದು ಹೆಜ್ಜೆ, ಸೀನ. ಜೋರಾಗಿಯೇ ಹೇಳುತ್ತ ಅಂಚಿನ ಮೇಲೆ ನಡೆದರು. ಬಾಯಿ ಎಣಿಸದಿದ್ದರೂ ಕಾಲಿಗೆ ಗೊತ್ತಿತ್ತು, ಡೊಂಕಿನಲ್ಲಿ ಸರಿಯಾಗಿ ತಿರುಗಿದರು. ದೂರ ಹೋದಂತೆ ಅವರ ದನಿ ನನಗೆ ಕೇಳಿಸದಾಯಿತು. ಆಗ ಅವರು ಇಡುತ್ತಿದ್ದ ಒಂದೊಂದು ಹೆಜ್ಜೆಗೂ ಅದೇ ಹೆಸರನ್ನು ನಾನು ಹೇಳತೊಡಗಿದೆ. ಕೈಹಿಡಿದವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗುಡಿಯಲ್ಲಿ ದೀಪ ಕಾಣುವವರೆಗೂ ಕರೆದೆ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯ ಕಟ್ಟು ಬಿಚ್ಚಿ ಒಲೆಗೆ ಬೆಂಕಿ ಹಾಕಿದೆ.