ನಿಂತೇ ಮಾಡಿದ ಕುಬಸ

ಬಾಗಲಕೋಟೆಯಲ್ಲಿ ಹೆರಿಗೆ ಡಾಕ್ಟರಾಗಿ ಕೂತವಳು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚೀಟಿ ಮಾಡಿಸಿಕೊಂಡು, ಸರದಿಯಲ್ಲಿ ಬಂದು ಎದುರಿಗೆ ಕೂಡುತ್ತದೆ. ಈಗ ಹೇಳುವುದು ಮಾತ್ರ ಕೂಡಲಿಲ್ಲ, ನಿಂತೇ ಬಂತು. ಇದರಲ್ಲಿ ಬರುವ ಸೊಸೆಯ ಒಪ್ಪಿಗೆ ಕೇಳಿ, ಗುರುತು ಸಿಗದಷ್ಟು ಅದಲುಬದಲು ಮಾಡಿ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ

ಇಳಕಲ್ಲಿನ ಬಸುರಿಯೊಬ್ಬಳು ಅತ್ತೆಯ ಜೊತೆ ನನ್ನ ದವಾಖಾನೆಗೆಂದು ಬಸ್ಸು ಹತ್ತಿದಳು. ಆರು ತಿಂಗಳು ತುಂಬಿತ್ತು. ಒಬ್ಬ ಮಾಸ್ತರರು ತಕ್ಷಣ ಎದ್ದು, "ಕೂಡವಾ" ಅಂದರು.

"ಬ್ಯಾಡ್ರಿ, ನಿಂತೇ ಬರ್ತೇನಿ."

ಪಕ್ಕದಲ್ಲಿ ಗಂಡಸಿದ್ದಾನೆಂದು ಹುಡುಗಿಗೆ ಸಂಕೋಚ ಇರಬೇಕು ಎಂದುಕೊಂಡು ಮಾಸ್ತರರು ಅವನನ್ನೂ ಎಬ್ಬಿಸಿದರು. ಆದರೂ ಇವಳು ಕೂಡಲಿಲ್ಲ. ಹಿಂದಿನ ಸೀಟಿನ ಹೆಂಗಸರು ಎದ್ದರು. ಬಸುರಿ ನಿಂತಿರುವಾಗ ತಾವು ಕೂಡುವುದು ಹೇಗೆಂದು ಎದ್ದವರು ಯಾರೂ ಮತ್ತೆ ಕೂಡಲಿಲ್ಲ. ಹುನಗುಂದ ದಾಟುವ ಹೊತ್ತಿಗೆ ಅರ್ಧ ಬಸ್ಸು ಕಂಬಿ ಹಿಡಿದು ನಿಂತಿತ್ತು, ಸೀಟು ಖಾಲಿ. ಅಮೀನಗಡದಲ್ಲಿ ಹತ್ತಿದ ಮುದುಕನೊಬ್ಬ ಇದನ್ನು ನೋಡಿ ಕಂಡಕ್ಟರನನ್ನು ಮೆಲ್ಲಗೆ ಕೇಳಿದನಂತೆ:

"ಯಾಕಪಾ, ಸೀಟಿಗೆ ಬಣ್ಣ ಹಚ್ಚೀರೇನು? ಇನ್ನಾ ಆರಿಲ್ಲೇನು?"

ಮೊಣಕಾಲಿನ ಮಾತು

ನನ್ನ ಎದುರಿಗೂ ಅವಳು ನಿಂತೇ ಇದ್ದಳು. ಏನಾಗಿದೆ ಎಂದರೆ ಮೊಣಕಾಲು ನೋವು ಅಂದಳು. ಮೊಣಕಾಲು ಮುಟ್ಟಿದರೆ ನೋವೇ ಇಲ್ಲ. ಎಲುಬಿನ ಡಾಕ್ಟರಿಗೂ ಇದನ್ನೇ ಹೇಳಿ, ಅವರು ಕೊಟ್ಟ ಮುಲಾಮನ್ನು ಗಟ್ಟಿಮುಟ್ಟಾದ ಮೊಣಕಾಲಿಗೆ ಹಚ್ಚಿಕೊಂಡು ಕೂತಿದ್ದಳು. ಕೂತಿದ್ದಳು ಅನ್ನಬಾರದು, ನಿಂತಿದ್ದಳು.

ಅತ್ತೆಯನ್ನು ಹೊರಗೆ ಕಳಿಸಿದ ಮೇಲೆ ಬಾಯಿ ಬಿಟ್ಟಳು. "ಡಾಕ್ಟ್ರ, ಅಲ್ಲಿ... ಗಂಟಾಗೇತ್ರಿ. ಕೂಡಾಕ ಆಗವಲ್ದು. ಕೂಸಿಗೆ ಏನರ ಆದೀತೇನ್ರಿ? ಮತ್ತ ಊರಾಗ ಯಾರಿಗೂ ಗೊತ್ತಾಗಬಾರದ್ರಿ. ಗೊತ್ತಾದ್ರ ನಾ ತಲಿ ಎತ್ತಿ ತಿರುಗಾಡಾಂಗಿಲ್ಲ."

ನೋಡಿದೆ. ಬಾರ್ಥೋಲಿನ್ ಗ್ರಂಥಿಯ ಗಂಟು. ಹೆಸರು ಕೇಳಿಯೇ ಅವಳ ಮುಖ ಬಿಳುಚಿತು. ನಾನು ಬಿಡಿಸಿ ಹೇಳಿದೆ: ಹೆರಿಗೆಯ ದಾರಿಯ ಬಾಗಿಲಲ್ಲಿ ಆಚೆಗೊಂದು ಈಚೆಗೊಂದು ಬಟಾಣಿಕಾಳಿನಂಥ ಗ್ರಂಥಿ ಇರುತ್ತವೆ, ಪಸೆ ಕೊಡುವುದು ಅವುಗಳ ಕೆಲಸ. ಒಂದರ ಬಾಯಿ ಕಟ್ಟಿಕೊಂಡರೆ ಒಳಗಿನ ನೀರು ನಿಂತು ಗಂಟಾಗುತ್ತದೆ. ಯಾರ ತಪ್ಪೂ ಅಲ್ಲ, ಹೊಲಸಿನಿಂದ ಬರುವುದೂ ಅಲ್ಲ. ಕೂಸು ಒಳಮನೆಯಲ್ಲಿದೆ, ಗಂಟು ಹೊಸ್ತಿಲಲ್ಲಿದೆ. ಸಣ್ಣದಿದ್ದು ನೋವಿಲ್ಲದಿದ್ದರೆ ಅದನ್ನು ಕೆಣಕುವುದೇ ಬೇಡ. ಇವಳದು ಲಿಂಬೆಹಣ್ಣಿನಷ್ಟಿತ್ತು, ಕೀವು ಮಾತ್ರ ಆಗಿರಲಿಲ್ಲ. "ಟಬ್ಬಿನಾಗ ಉಗುರುಬೆಚ್ಚಗಿನ ನೀರು ಹಾಕಿ, ದಿನಕ್ಕ ಮೂರ್ನಾಲ್ಕು ಸರ್ತಿ ಅದರಾಗ ಕೂಡು. ಹಿಚುಕಬ್ಯಾಡ. ಜ್ವರ ಬಂದ್ರ, ನೋವು ಜಾಸ್ತಿ ಆದ್ರ ತಡಾ ಮಾಡದ ಬಾ" ಎಂದೆ.

"ಅತ್ತಿಗೆ ಏನಂತ ಹೇಳ್ಲಿ?"

"ಮೊಣಕಾಲಿಗೆ ಕಾವು ಅನ್ನು."

ಡಾಕ್ಟರಿಗೂ ಸುಳ್ಳು ಹೇಳಲು ಬರುತ್ತದೆ ಎಂದು ಗೊತ್ತಾದ ಮೇಲೆ ಅವಳು ಮೊದಲ ಸಲ ನಕ್ಕಳು.

ಟಬ್ಬಿನ ಅಂಗಡಿ

ಟಬ್ಬು ತರುವ ಕೆಲಸ ಗಂಡನ ಪಾಲಿಗೆ ಬಂತು. ಹೆಂಡತಿ ಅವನೊಬ್ಬನಿಗೆ ಗುಟ್ಟು ಹೇಳಿದ್ದಳು. ಪಾಪ, ಬಹಳ ಕಳಕಳಿಯ ಮನುಷ್ಯ. ಅಂಗಡಿಯಲ್ಲಿ ಒಂದೊಂದೇ ಟಬ್ಬು ನೆಲಕ್ಕಿಟ್ಟು, ತಾನೇ ಅದರಲ್ಲಿ ಕೂತು, ಅಂಚು ಚುಚ್ಚುತ್ತದೆಯೇ ಎಂದು ಅತ್ತಿತ್ತ ಹೊರಳಿ ನೋಡತೊಡಗಿದ. ಅಂಗಡಿಯ ಮುಂದೆ ಮಂದಿ ನೆರೆಯಿತು.

"ಯಾರಿಗ್ರೀ ಇದು?" ಅಂಗಡಿಯವನು ಕೇಳಿದ.

ಗುಟ್ಟು ಕಾಯಬೇಕಲ್ಲ! "ನಮ್ಮ ಮನ್ಯಾಗ ಕೂಸು ಹುಟ್ಟೂದೈತ್ರಿ. ಅದಕ್ಕ ಜಳಕಾ ಮಾಡ್ಸಾಕ."

ಅಂಗಡಿಯವನು ಟಬ್ಬಿನಲ್ಲಿ ಕೂತಿದ್ದ ಆ ಮೀಸೆಯ ಆಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮತ್ತ ನಿಮ್ಮ ಅಳತಿ ಯಾಕ ತಗೊಳ್ಳಾಕತ್ತೀರಿ? ಹುಟ್ಟೂದು ಇಷ್ಟು ದೊಡ್ಡದೇನು?" ಅಂದನಂತೆ.

ಅತ್ತೆಯ ಮೊಣಕಾಲು

ಬಿಸಿನೀರಿಗೆ ಗಂಟು ಜಗ್ಗಲಿಲ್ಲ. ಕೆಂಪಾಗಿ, ಕೀವು ತುಂಬಿ, ಸೊಸೆ ಜ್ವರದಲ್ಲಿ ನಡುಗುತ್ತ ಬಂದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮೂರ್ನಾಲ್ಕು ದಿನವಷ್ಟೇ ಉಳಿದಿತ್ತು. ನನಗೂ ಕಸಿವಿಸಿಯಾಯಿತು. ಇನ್ನು ಅತ್ತೆಗೆ ಹೇಳದೆ ಇರುವಂತಿರಲಿಲ್ಲ. ಸೊಸೆ ಕಣ್ಣು ಮುಚ್ಚಿಕೊಂಡು "ಹೇಳ್ರಿ" ಅಂದಳು, ನಾನು ಹೇಳಿದೆ.

ಅತ್ತೆ ಬೈಯಲಿಲ್ಲ. ಬಾಗಿಲು ಹಾಕಿದೆಯೇ ಎಂದು ಒಮ್ಮೆ ನೋಡಿಕೊಂಡು, ಸೊಸೆಯ ತಲೆ ಸವರಿದರು. "ನನಗೂ ಮೊದಲನೇ ಬಸುರಿನ್ಯಾಗ ಇದೇ ಆಗಿತ್ತವಾ. ನಾಚಿಕಿಗೆ ಮೊಣಕಾಲು ನೋವು ಅಂದಿದ್ದೆ. ಅದು ತಾನೇ ಒಡದು ಹೋತು, ಆದ್ರ ನಿನ್ನ ಮಾವಾರು ಇವತ್ತಿಗೂ ಪ್ಯಾಟಿಗೆ ಹೋದಾಗೊಮ್ಮೆ ಮೊಣಕಾಲಿನ ಎಣ್ಣಿ ತರ್ತಾರ."

"ನೀವೇನ್ ಮಾಡ್ತೀರಿ?" ಎಂದೆ.

"ಏನ್ ಮಾಡ್ಲ್ರಿ? ಹಚ್ಚಿಕೋತೇನಿ. ನಮ್ಮ ಓಣ್ಯಾಗ ನನ್ನಷ್ಟು ಚಲೋ ಮೊಣಕಾಲು ಯಾರಿಗೂ ಇಲ್ಲ."

ಅಳುತ್ತಿದ್ದ ಸೊಸೆ ನಗುತ್ತಲೇ ಚಿಕಿತ್ಸೆಯ ಕೋಣೆಗೆ ಬಂದಳು. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ಗಾಯ ಮಾಡಿ ಕೀವು ತೆಗೆದೆ. ಬಾಯಿ ಮತ್ತೆ ಕಟ್ಟಿಕೊಳ್ಳದಂತೆ ಸಣ್ಣದೊಂದು ರಬ್ಬರ್ ನಳಿಗೆಯನ್ನು ಕೆಲವು ವಾರ ಅಲ್ಲೇ ಇರಲಿ ಎಂದು ಬಿಟ್ಟೆ. ಬಸುರಿಯರಿಗೆ ನಡೆಯುವ ಔಷಧಿ ಕೊಟ್ಟು, ಕೂಸಿನ ಎದೆಬಡಿತ ಕೇಳಿಸಿದೆ. ಅದಕ್ಕೆ ಈ ಯಾವ ಗದ್ದಲವೂ ಗೊತ್ತಿರಲಿಲ್ಲ.

ಕುಬಸ

ಜ್ವರ ಬಿಟ್ಟಿತು, ಆದರೆ ತಾಸುಗಟ್ಟಲೆ ಕುರ್ಚಿಯಲ್ಲಿ ಕೂಡುವ ಹಾಗಿರಲಿಲ್ಲ. ಕುಬಸ ಎಂದರೆ ಬಸುರಿಯನ್ನು ಹೂವಿನ ಕುರ್ಚಿಯಲ್ಲಿ ಕೂಡಿಸಿ, ಬಂದ ಮುತ್ತೈದೆಯರೆಲ್ಲ ಉಡಿ ತುಂಬುವ ಕಾರ್ಯ. ನಾನೂ ಹೋಗಿದ್ದೆ. ಸೊಸೆ ಹಸಿರು ಸೀರೆ ಉಟ್ಟು ಕುರ್ಚಿಯ ಮುಂದೆ ನಿಂತಿದ್ದಳು. ಓಣಿಯ ಹೆಂಗಸರು "ಕೂಡವಾ, ಕೂಡವಾ" ಎಂದು ಶುರು ಮಾಡಿದರು. ಅವಳು ಹೆದರಿ ನನ್ನ ಮುಖ ನೋಡಿದಳು.

ಅತ್ತೆ ಸೆರಗು ಸಿಗಿಸಿ ಮುಂದೆ ಬಂದರು. "ನಮ್ಮ ಮನಿತನದಾಗ ಕುಬಸ ನಿಂತೇ ಮಾಡೂದು. ಹಿಂದಿಂದ ಬಂದ ಪದ್ಧತಿ."

"ಯಾವ ಪದ್ಧತಿ?" ಎಂದು ಅವರ ನಾದಿನಿ ಎದ್ದರು. "ನಾ ಈ ಮನಿ ಮಗಳು. ನನಗ ಗೊತ್ತಿಲ್ಲಲ್ಲ?"

"ನೀ ಮಗಳು. ಇದು ಸೊಸೆಂದ್ರಿಗಷ್ಟೇ ಹೇಳೂ ಪದ್ಧತಿ!"

ಬಸುರಿ ನಿಂತ ಮೇಲೆ ಮುತ್ತೈದೆಯರು ಕೂಡುವುದು ಹೇಗೆ? ಎಲ್ಲರೂ ಎದ್ದರು. ನಾನೂ ನಿಂತೇ ಉಡಿ ತುಂಬಿದೆ, ಫೋಟೋದವನು ಅದರ ಫೋಟೋ ಹೊಡೆದುಕೊಂಡ. ಸೊಸೆ ಮಧ್ಯೆಮಧ್ಯೆ ಒಳಗೆ ಹೋಗಿ ಮಗ್ಗುಲಾಗಿ ಬಂದಳು, ಅದನ್ನೂ ಅತ್ತೆ ಪದ್ಧತಿಯೊಳಗೇ ಸೇರಿಸಿದರು.

ಪದ್ಧತಿ

ದಿನ ತುಂಬಿ ಸಹಜ ಹೆರಿಗೆಯೇ ಆಯಿತು. ಗಂಟು ಅಡ್ಡ ಬರಲಿಲ್ಲ, ಗುಟ್ಟು ಹೊರಗೆ ಹೋಗಲಿಲ್ಲ. ಕೆಲವು ತಿಂಗಳ ಮೇಲೆ ಆ ಅತ್ತೆ ಮೊಮ್ಮಗಳಿಗೆ ಚುಚ್ಚುಮದ್ದು ಹಾಕಿಸಲು ಬಂದು ಕೂತಿದ್ದರು. ಅಷ್ಟರಲ್ಲಿ ಹುನಗುಂದದ ಬಸುರಿಯೊಬ್ಬಳು ತಾಯಿಯ ಜೊತೆ ಬಂದಳು. ಕಾಲು ಬಾತಿದ್ದವು. ರಕ್ತದೊತ್ತಡ ನೋಡಿದೆ, ಸರಿ ಇತ್ತು.

"ಭಾಳ ಹೊತ್ತು ನಿಂತಿದ್ದೇನು?"

"ಕುಬಸಾ ಇತ್ತಲ್ರಿ ನಿನ್ನೆ" ಎಂದಳು ತಾಯಿ. "ಈಗ ನಮ್ಮ ಕಡೆ ನಿಂತೇ ಮಾಡ್ತಾರ. ನಿಂತ್ರ ಹೆರಿಗಿ ಸಲೀಸಂತ. ಮೊಬೈಲಿನ್ಯಾಗ ಬಂದ ಒಂದು ಫೋಟೋದಾಗ ನೀವೂ ನಿಂತೀರಲ್ರಿ!"

ನಿಜ ಹೇಳಿದರೆ ಸೊಸೆಯ ಗುಟ್ಟು ರಟ್ಟಾಗುತ್ತದೆ. "ಇನ್ಮ್ಯಾಲೆ ಕೂತೇ ಮಾಡ್ರಿ, ನಿಲ್ಲೂದ್ರಿಂದ ಏನೂ ಸಲೀಸಾಗೂದಿಲ್ಲ" ಎಂದಷ್ಟೇ ಅಂದೆ.

ಹುಡುಗಿ ಸಿಟ್ಟಿನಿಂದ ಕಾಲು ತಿಕ್ಕಿಕೊಳ್ಳುತ್ತ, "ಈ ಸುಡುಗಾಡು ಪದ್ಧತಿ ಯಾರು ಹಚ್ಚಿದ್ರೋ ಏನೋ!" ಅಂದಳು.

ನಾನು ಅತ್ತೆಯ ಕಡೆ ನೋಡಿದೆ. ಅವರು ಮೊಮ್ಮಗಳನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, ಬಹಳ ಗಂಭೀರವಾಗಿ ಹೇಳಿದರು:

"ಹಂಗ ಅನಬಾರದವಾ. ಹಿರ್ಯಾರು ಏನರ ವಿಚಾರ ಮಾಡೇ ಮಾಡಿರ್ತಾರ. ನಮಗೇನ್ ತಿಳೀತೈತಿ?"